ಉತ್ತರದ ಎಲ್ಲೆಗಲ್ಲು

1994, ಸೆಪ್ಟೆಂಬರ್ 5, ಸೋಮವಾರ. ಬೆಳಿಗ್ಗೆ ಏಳು.

ಚೌಕದ ಕಾರಂಜಿಯಲ್ಲಿ ಬಕೆಟ್ ತುಂಬಲು ನಲವತ್ತೊಂದು ಸೆಕೆಂಡು. ನಿನ್ನೆಯಷ್ಟೇ. ಬೇಸಿಗೆಯ ಕೊನೆಗೆ ಇದು ತೃಪ್ತಿಕರ.

ಹನ್ನೊಂದು ಗಂಟೆ.

ತೃಪ್ತಿ ಹೋಯಿತು. ಕಣಿವೆಯ ಸೊರ್ಗಾಲ್ ಊರಿನ ಮೇಯರ್ ವಿದಾಲೆಂಕ್ ಜಿಲ್ಲಾ ಕಚೇರಿಗೆ ಅರ್ಜಿ ಹಾಕಿದ್ದಾನೆ. ನಮ್ಮ ಬೆಟ್ಟದ ಬೆನ್ನಿನ ಮೇಲಿನ ಒರತೆ ಸೊರ್ಗಾಲಿನ ಎಲ್ಲೆಯೊಳಗಿದೆಯಂತೆ. ಕೊಳವೆ ಹಾಕಿ ಹೊಸ ಬಡಾವಣೆಗೆ ಇಳಿಸಿಕೊಳ್ಳುತ್ತಾನಂತೆ. ಬೆಟ್ಟದ ಮೇಲಿನ ನಮ್ಮ ಊರು ಪುಯ್‌ವೆರಾನಿಗೆ ಇರುವುದು ಅದೊಂದೇ ನೀರು. 1832ರ ಅಧಿಕೃತ ನಕ್ಷೆಯಲ್ಲಿ ಒರತೆಯ ಭಾಗದ ಹಾಳೆ ಕಾಣೆ. ಹಾಗಾಗಿ ಆತ ಲಗತ್ತಿಸಿರುವ ಪುರಾವೆ — ನಮ್ಮ ಶಾಲೆಯ ಗೋಡೆಯ ನಕ್ಷೆ. ರಚಿಸಿದವನು ನಾನು. 1958ರಲ್ಲಿ.

ಅರ್ಜಿಯಲ್ಲಿ ಬರವಣಿಗೆಯ ತಪ್ಪು ನಾಲ್ಕು. ಹುಡುಕಿದ ಮೇಲೂ ಸಂತೋಷವಾಗಲಿಲ್ಲ.

ಸೆಪ್ಟೆಂಬರ್ 6, ಮಂಗಳವಾರ.

ವಿದಾಲೆಂಕನೇ ಕಾರಿನಲ್ಲಿ ಬಂದ. ಇಲ್ಲೇ ಹುಟ್ಟಿ ನನ್ನಲ್ಲೇ ಕಲಿತು, ಎಲ್ಲರಂತೆ ಕೆಳಗಿಳಿದವನು.

"ನೀವೇ ಹೇಳ್ಕೊಟ್ಟಿದ್ದಲ್ವಾ ಮೇಷ್ಟ್ರೇ? 'ಉತ್ತರದ ಎಲ್ಲೆ ಯಾವುದು? ಒರತೆಗಿಂತ ಈಚೆಗಿರುವ ಕಲ್ಲು.' ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಕಲ್ಲಿಂದ ಆಚೆ ನಮ್ಮದು. ಒರತೆನೂ ನಮ್ಮದು."

"ನಮ್ಮ ಅರವತ್ತೆರಡು ಜನ ಏನು ಕುಡಿಯಬೇಕು?"

"ಕೆಳಗೆ ಬನ್ನಿ. ನಲ್ಲಿ ಇದೆ, ಲಿಫ್ಟಿದೆ. ನಿಮ್ಮ ಮಂಡಿಗೂ ಒಳ್ಳೇದು."

ಲೂಟಿಕೋರರ ಭಯಕ್ಕೆ ಹನ್ನೆರಡನೆಯ ಶತಮಾನದಲ್ಲಿ ಜನ ಈ ಬೆಟ್ಟ ಹತ್ತಿದರು. ಭಯ ತೀರಿತು, ಕೋಟೆ ಬಿತ್ತು. ರೈಲು ಕಣಿವೆಯಲ್ಲೇ ನಿಂತಿತು. ಅಂಚೆ ಇಳಿಯಿತು, ಬೇಕರಿ ಇಳಿಯಿತು, 1989ರಲ್ಲಿ ನನ್ನ ಶಾಲೆಯೂ ಮುಚ್ಚಿತು. ಈಗ ನೀರೂ ಇಳಿದರೆ ಊರೇ ಇಳಿದಂತೆ. ಅದೂ ನನ್ನ ಕೈಬರಹದ ಆಧಾರದ ಮೇಲೆ...

ಸೆಪ್ಟೆಂಬರ್ 9, ಶುಕ್ರವಾರ.

ಝೆಲಿ ಚೀಸ್ ತಂದಳು. ಮೇಕೆ ಸಾಕುವವಳು, ಅವಳ ಅಜ್ಜ ಕುರುಬ. ಅವಳೂ ನನ್ನ ವಿದ್ಯಾರ್ಥಿನಿಯೇ. ಕೇಳದೆಯೇ ಕುಳಿತಳು.

"ಹನ್ನೊಂದು ವರ್ಷದವಳಿದ್ದಾಗ ನಾನು ಎಲ್ಲೆನ ಒರತೆಯಿಂದ ಆಚೆಗೆ ಬರ್ದಿದ್ದೆ. ಸೊನ್ನೆ ಹಾಕಿದ್ರಿ. ಮೊಟ್ಟೆಯಷ್ಟು ದಪ್ಪ ಸೊನ್ನೆ."

"ಕಲ್ಲು ಈಚೆಗಿದೆಯಲ್ಲ!"

"ಅದು ಎಲ್ಲೆಗಲ್ಲೇ ಅಲ್ಲ ಮೇಷ್ಟ್ರೇ. ನಮ್ಮಜ್ಜ ಕುರಿಗಳಿಗೆ ಉಪ್ಪು ಹಾಕ್ತಿದ್ದ ಕಲ್ಲು. ನೆಕ್ಕಿ ನೆಕ್ಕಿ ಮೇಲೆಲ್ಲ ಗುಳಿಬಿದ್ದಿದೆ, ನೋಡಿಲ್ವಾ? ನಿಮ್ಮ ಹಾಗೆ ಪಟ್ಟಣದಿಂದ ಬಂದೋರಿಗೆ ಕಂಡ ಕಲ್ಲೆಲ್ಲ ಎಲ್ಲೆ!"

"ಆಗಲೇ ಏಕೆ ಹೇಳಲಿಲ್ಲ?"

"ಹೇಳ್ದೆ. 'ಕೇಳಿದ್ದಕ್ಕೆ ಮಾತ್ರ ಉತ್ತರಿಸು' ಅಂದ್ರಿ."

ಅವಳು ಸುಳ್ಳು ಹೇಳುತ್ತಿಲ್ಲ. ಅದು ನನ್ನದೇ ವಾಕ್ಯ.

ಸೆಪ್ಟೆಂಬರ್ 14, ಬುಧವಾರ.

ನಾಲ್ಕು ದಿನ ಏನೂ ಬರೆಯಲಿಲ್ಲ. ಇಂದು ಝೆಲಿಯೊಂದಿಗೆ ಹತ್ತಿದೆ. ಒರತೆಯಿಂದಾಚೆಗೆ ಎಂಬತ್ತು ಹೆಜ್ಜೆ, ಓಕ್ ಮರದ ಬುಡ, ಮುಳ್ಳುಪೊದೆ — ಒಳಗೆ ಮೊಣಕಾಲೆತ್ತರದ ಒಂದು ಕಲ್ಲು.

ಕೈಯಲ್ಲಿ ಗುದ್ದಲಿಯಿತ್ತು. ಅಗೆಯಲಿಲ್ಲ. ಇಲ್ಲಿ ಎಲ್ಲೆಗಲ್ಲು ನೆಡುವಾಗ ಹಿಂದಿನವರು ಒಂದು ಹೆಂಚನ್ನು ಮೂರು ಚೂರು ಮಾಡಿ ಕಲ್ಲಿನ ಅಡಿಯಲ್ಲಿ ಹೂಳುತ್ತಿದ್ದರು. 'ಸಾಕ್ಷಿಗಳು' ಎಂದೇ ಹೆಸರು. ವಿವಾದ ಬಂದರೆ ಎರಡೂ ಊರಿನವರ ಎದುರು ಅಗೆದು ಜೋಡಿಸಬೇಕು. ಕೂಡಿದರೆ ಕಲ್ಲು ಸತ್ಯ. ಒಬ್ಬರೇ ಕದ್ದು ಅಗೆದರೆ ಸಾಕ್ಷಿ ಸತ್ತಂತೆ.

ಜಿಲ್ಲೆಯ ಭೂಮಾಪಕನಿಗೆ ಬರೆದೆ: "ನನ್ನ ನಕ್ಷೆ ತಪ್ಪೆಂದು ನಂಬಲು ಕಾರಣಗಳಿವೆ. ಬಂದು ಅಗೆಸಿ." ಮೂರು ಸಲ ಕರಡು ಮಾಡಿದೆ. ಅಡಿಯಲ್ಲಿ ಪೂರ್ತಿ ಹೆಸರು ಬರೆದೆ.

ಸೆಪ್ಟೆಂಬರ್ 22, ಗುರುವಾರ. ಸಂಜೆ.

ಕ್ರಮವಾಗಿ ಬರೆಯಬೇಕು.

ನಮ್ಮವರು ಮೂವತ್ತು ಮಂದಿ, ಕಣಿವೆಯವರು ಹನ್ನೆರಡು. ಭೂಮಾಪಕ ಮೊದಲು ನನ್ನ ನಕ್ಷೆಯ ಕಲ್ಲನ್ನು ಕೀಳಿಸಿದ. ಅಡಿಯಲ್ಲಿ ಮಣ್ಣು. ಇನ್ನೂ ಅಗೆಸಿದ. ಮಣ್ಣೇ.

"ಆ ಪೊದೆ ಕಲ್ಲಿನಡೀನೂ ಮಣ್ಣೇ ಬಿಡಿ," ಎಂದ ವಿದಾಲೆಂಕ್.

ಓಕ್ ಮರದ ಬುಡ. ಒಂದು ಮೊಳ ಇಳಿದರು, ಏನೂ ಇಲ್ಲ. ನಂತರ ಕೆಂಪು ಕಂಡಿತು — ಒಂದು ಚೂರು. ಇನ್ನೊಂದು. ಮೂರನೆಯದಿಲ್ಲ.

"ಯಾರದೋ ಮನೆಯ ಹೆಂಚು! ಗಾಳಿಗೆ ಹಾರಿ ಬಂದಿರ್ಬೇಕು!" ಎಂದು ವಿದಾಲೆಂಕ್ ನಕ್ಕ.

"ಗಾಳಿಗೆ ಹಾರಿದ್ದು ನಿನ್ನ ಬುದ್ಧಿ," ಎಂದಳು ಝೆಲಿ. ಗುಂಡಿಯಲ್ಲಿ ಬೋರಲು ಮಲಗಿ, ಬೇರಿನ ಕೆಳಗೆ ಭುಜದವರೆಗೆ ಕೈ ತೂರಿಸಿದಳು. ಎಷ್ಟು ಹೊತ್ತೋ. ಕೈ ಹೊರಬಂದಾಗ ಮುಷ್ಟಿಯಲ್ಲಿ ಮೂರನೆಯ ಸಾಕ್ಷಿ.

ಜೋಡಿಸುವ ಹಕ್ಕು ಎದುರು ಪಕ್ಷದ್ದು. ವಿದಾಲೆಂಕ್ ಮಂಡಿಯೂರಿದ. ಒಂದು ಅಂಚು ಕೂಡಿತು. ತಿರುಗಿಸಿದ. ಎರಡನೆಯದೂ ಕೂಡಿತು. ಕೂದಲೆಳೆಯಷ್ಟೂ ಸಂದಿಲ್ಲ. ಮೋಸ ಮಾಡಲಿಲ್ಲ. ಅದನ್ನು ದಾಖಲಿಸುವುದು ನ್ಯಾಯ.

"ಕೂಡ್ತು," ಎಂದ. "ಮೇಷ್ಟ್ರೇ, ನೀವು ನಮಗೆ ತಪ್ಪು ಕಲಿಸಿದ್ರಿ."

"ಹೌದು! ಮೂವತ್ತೊಂದು ವರ್ಷ!"

ಹೀಗೆ ಕೂಗಿದವನು ನಾನೇ. ಟೋಪಿ ಎಸೆದವನೂ ನಾನೇ. ಅದು ಇನ್ನೂ ಓಕ್ ಮರದ ಮೇಲಿದೆ. ಯಾರೋ ಓಡಿಹೋಗಿ ಚರ್ಚಿನ ಗಂಟೆ ಬಾರಿಸಿದರು.

ಸೆಪ್ಟೆಂಬರ್ 25, ಭಾನುವಾರ.

ವರದಿಗೆ ಇಬ್ಬರು ಮೇಯರರೂ ರುಜು ಹಾಕಿದರು. ಒರತೆ ಪುಯ್‌ವೆರಾನಿನದು.

ಮಧ್ಯಾಹ್ನ ಚೌಕದಲ್ಲಿ ಉದ್ದನೆಯ ಮೇಜು. ಹುರಿದ ಕುರಿಮಾಂಸ, ಅಂಜೂರ, ವೈನ್. ವಿದಾಲೆಂಕನೂ ಬಂದ, ಎರಡು ಬಾಟಲಿ ಹಿಡಿದು. ಜನ ಅವನನ್ನು ಛೇಡಿಸಿದರು, ಉಣ್ಣಿಸಿದರು. ಆಮೇಲೆ ಝೆಲಿ ಬೆಂಚು ಹತ್ತಿ ಚಪ್ಪಾಳೆ ತಟ್ಟಿದಳು.

"ಗದ್ದಲ ಮಾಡ್ಬೇಡಿ! ಮೇಷ್ಟ್ರೇ, ಎದ್ದು ನಿಂತ್ಕೊಳ್ಳಿ. ಕೈ ಬೆನ್ನ ಹಿಂದೆ. ನಮ್ಮ ಊರಿನ ಉತ್ತರದ ಎಲ್ಲೆ ಯಾವುದು?"

ಎಲ್ಲರೂ ನಗು ತಡೆದು ನನ್ನನ್ನೇ ನೋಡಿದರು. ಎದ್ದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. ಮೇಜಿನ ಆ ತುದಿಗೂ ಕೇಳುವಂತೆ, ಸ್ಪಷ್ಟವಾಗಿ, ಪೂರ್ಣ ವಾಕ್ಯದಲ್ಲಿ ಉತ್ತರಿಸಿದೆ: "ನಮ್ಮ ಊರಿನ ಉತ್ತರದ ಎಲ್ಲೆ, ಒರತೆಗಿಂತ ಆಚೆಗಿರುವ ಕಲ್ಲು."