ಮಲಗಿಸಿದ ತೊಲೆ

ಸಕಲೇಶಪುರ
೧೨ ಮಾರ್ಚ್ ೧೯೬೧, ಭಾನುವಾರ

ಮಗಳು ನಸೀರಾಗೆ ನಿನ್ನ ಅಬ್ಬಾ ಇಸ್ಹಾಕನ ಸಲಾಮು, ಮಗುವಿಗೆ ಮುತ್ತು.

ಬರೆಯಲು ಇಷ್ಟು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಆಲೂರೇನು ದೂರವೇ, ಬಸ್ಸು ಹತ್ತಿ ಬರುವುದು ಬಿಟ್ಟು ಅಬ್ಬಾ ಕಾಗದ ಯಾಕೆ ಬರೆದರು ಅಂದುಕೊಳ್ಳುತ್ತೀಯ. ಅಳಿಯ ಗಯಾಜ್ ತೀರಿಹೋದ ಮೇಲೆ ಮೂರು ಸಲ ಬಂದೆ. ಮೂರು ಸಲವೂ ನಿನ್ನ ಅತ್ತೆ ಹಾಜಿರಾ ಬೀ ಕೊಟ್ಟ ಚಹಾ ಕುಡಿದು, ಮಗುವನ್ನು ತೊಡೆಯ ಮೇಲೆ ಆಡಿಸಿ, ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದೆ. ಕನ್ನಡದಲ್ಲಿ ಬರೆಯುತ್ತಿರುವುದೂ ಬೇಕೆಂತಲೇ. ಉರ್ದುವಾದರೆ ಅವರು ಮೊದಲು ಓದುತ್ತಾರೆ. ಇದನ್ನು ಮೊದಲು ನೀನು ಓದಬೇಕು.

ಇಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಊರಿನವರೆಲ್ಲ ಖುಷಿಯಾಗಿದ್ದಾರೆ. ನಿನ್ನಮ್ಮನ ಮೊಣಕಾಲು ನೋವು ಹಾಗೇ ಇದೆ, ಗೊಣಗುವುದೂ ಹಾಗೇ ಇದೆ. ಮಗುವಿಗೆ ಹಲ್ಲು ಬಂತೇ ಎಂದು ದಿನಾ ನನ್ನನ್ನೇ ಕೇಳುತ್ತಾಳೆ.

ಬಡಗಿ ಬೋರಯ್ಯ ಕೆಲಸ ಕೆಡಿಸಿದ, ಅದಕ್ಕೇ ಕಾಫಿ ಎಸ್ಟೇಟಿನ ಸ್ಟೋರಿನ ಅಟ್ಟ ಕುಸಿದು ಗಯಾಜ್ ಸತ್ತ ಎಂದು ಊರೆಲ್ಲ ಹೇಳುತ್ತಿದೆ. ಹೋದ ಸಲ ಬಂದಾಗ ನೀನೂ 'ಆ ಬಡಗಿಯ ಕೈ ಬಿದ್ದುಹೋಗಲಿ' ಅಂದೆ. ನಾನು ತಲೆ ತಗ್ಗಿಸಿ ಕೂತಿದ್ದೆ. ತಪ್ಪು ಬೋರಯ್ಯನದಲ್ಲ ಮಗಳೇ. ನನ್ನದು.

ನೀನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಡಿಪಟ್ಟಿ ಹಿಡಿದು ತೋರಿಸಿದ್ದೆ. ಚಪ್ಪಟೆಯಾಗಿ ಹಿಡಿದು ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಮಿಸುಕುವುದಿಲ್ಲ. ತೊಲೆಯೂ ಅಷ್ಟೇ. ಹೊಂಗಡಹಳ್ಳದ ದಾರಿಯ ಆ ಎಸ್ಟೇಟಿನಲ್ಲಿ ಸ್ಟೋರು ಕಟ್ಟಿಸುವಾಗ ಓವರ್ಸಿಯರ್ ನಾನೇ ತಾನೆ. ಆರಿಂಚು ಅಗಲ, ಹನ್ನೆರಡಿಂಚು ಎತ್ತರದ ಮತ್ತಿ ಮರದ ತೊಲೆಗೆ ಲೆಕ್ಕ ಹಾಕಿದೆ. ಅಗಲವನ್ನು ಎತ್ತರದಿಂದ ಎರಡು ಸಲ ಗುಣಿಸಿ ಆರರಿಂದ ಭಾಗಿಸಬೇಕು. ತೊಲೆಯ ಶಕ್ತಿ ನೂರ ನಲವತ್ತನಾಲ್ಕು ಬಂತು. ಅಟ್ಟದ ತುಂಬ ಕಾಫಿ ಚೀಲ ಇಟ್ಟರೂ ನೂರು ಇದ್ದರೆ ಸಾಕಿತ್ತು.

ತೊಲೆ ಏರಿಸುವ ದಿನ ಎಸ್ಟೇಟ್ ರೈಟರ್ ನಂಜುಂಡ ಬಂದು, "ಇದ್ರ ಕೆಳಗೆ ಲಾರಿ ಹೋಗಾಕಿಲ್ಲ ಓವರ್ಸಿಯರೇ, ಎತ್ತರ ಇನ್ನೂ ಆರಿಂಚು ಬೇಕು. ನಿಮ್ಮ ಅಳಿಯಂದೇ ಲಾರಿ, ಏನಾರಾ ಮಾಡಿ" ಅಂದ. ಹಾಗಾದರೆ ತೊಲೆಯನ್ನು ಮಲಗಿಸಿ ಎಂದುಬಿಟ್ಟೆ. ಅದೇ ಮರ, ಅದೇ ಎಪ್ಪತ್ತೆರಡು ಚದರ ಇಂಚು, ನಿಂತರೇನು ಮಲಗಿದರೇನು ಎಂದು ಬಾಯಲ್ಲೇ ಲೆಕ್ಕ ಮುಗಿಸಿದೆ. ಜೇಬಿನಲ್ಲಿದ್ದ ಪುಸ್ತಕ ತೆಗೆಯಲಿಲ್ಲ.

ಬೋರಯ್ಯ ಉಳಿ ಕೆಳಗಿಟ್ಟು, "ಸಾಮಿ, ತೊಲೆ ಎದ್ದು ನಿಂತ್ರೇನೇ ಹೊರೋದು. ನಮ್ಮಪ್ಪನ ಕಾಲ್ದಿಂದ್ಲೂ ಹಿಂಗೆ ಮಲಗ್ಸಿದೋರಿಲ್ಲ ಕಣ್ರೀ" ಅಂದ. ಆಳುಗಳೆಲ್ಲ ನನ್ನ ಮುಖ ನೋಡುತ್ತಿದ್ದರು. "ಓದಿದವನು ನಾನೋ ನೀನೋ?" ಎಂದೆ. ಅವನು ಉಳಿ ಎತ್ತಿಕೊಂಡು ಹೇಳಿದಂತೆ ಮಾಡಿದ.

ಎರಡು ವರ್ಷ ಫಸಲು ಕಡಿಮೆ, ಅಟ್ಟ ಅರ್ಧವೂ ತುಂಬಲಿಲ್ಲ. ಈ ವರ್ಷ ತುಂಬಿತು. ಆಳುಗಳು ಮೇಲೆ ಹತ್ತಿ ಚೀಲ ಎಳೆಯುವಾಗ ತೊಲೆ ನಡುವಿಗೆ ಮುರಿಯಿತು. ಕೆಳಗೆ ಲಾರಿಯ ಮೇಲೆ ನಿಂತು ಚೀಲ ಹಿಡಿದುಕೊಳ್ಳುತ್ತಿದ್ದವನು ಗಯಾಜ್.

ಮಣ್ಣು ಮಾಡಿ ಬಂದ ಮೂರನೆಯ ದಿನ ಪುಸ್ತಕ ತೆಗೆದೆ. ಅಗಲ ಹನ್ನೆರಡು, ಎತ್ತರ ಆರು. ಗುಣಿಸಿ ಭಾಗಿಸಿದರೆ ಬರೀ ಎಪ್ಪತ್ತೆರಡು. ಶಕ್ತಿ ಸರಿಯಾಗಿ ಅರ್ಧ. ಐದು ನಿಮಿಷದ ಕೆಲಸ, ನಸೀರಾ. ನಿನ್ನ ಗಂಡನ ಜೀವಕ್ಕೆ ಐದು ನಿಮಿಷ ಕೊಡಲಿಲ್ಲ ನಾನು.

ಬೋರಯ್ಯನನ್ನು ಈಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಸಂತೆಯಲ್ಲಿ ಸಿಕ್ಕಿದ್ದ. ಯಾಕೆ ಸುಮ್ಮನಿದ್ದೀಯ, ನಿಜ ಹೇಳಬಾರದಾ ಎಂದು ಕೇಳಿದೆ. "ಅಳಿಯನ್ನ ಕಳ್ಕೊಂಡೋರ ಮೇಲೆ ನಾನೇನ್ ಹೇಳ್ಲಿ ಸಾಮಿ? ನಿಮ್ಗೇ ಗೊತ್ತೈತಲ್ಲ" ಅಂದು ಹೊರಟುಹೋದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಳೆ ಅಮಲ್ದಾರರ ಕಚೇರಿಗೆ ಹೋಗಿ ತಪ್ಪು ನನ್ನದೆಂದು ಬರೆದುಕೊಡುತ್ತೇನೆ. ಕೆಲಸ ಹೋಗುತ್ತದೆ, ಜೈಲಾದರೂ ಆಗಬಹುದು. ಊರಿನ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆದೆ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಮನೆಗೆ ಬಾ. ನನ್ನ ಮುಖ ನೋಡಲಾಗದಿದ್ದರೆ ಹೇಳಿ ಕಳಿಸು, ನಾನು ಬೇರೆ ಕಡೆ ಇರುತ್ತೇನೆ. ನಿನ್ನಮ್ಮನ ಮಡಿಲು ನಿನಗೆ ತಪ್ಪಬಾರದು. ಅಲ್ಲಾಹು ನಿನ್ನನ್ನೂ ಮಗುವನ್ನೂ ತಣ್ಣಗಿಡಲಿ.

ನಿನ್ನ ಅಬ್ಬಾ,
ಇಸ್ಹಾಕ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇನ್ನೊಂದು ಮಾತಿದೆ, ಅದನ್ನು ನಿನ್ನಮ್ಮನಿಗೂ ಹೇಳಿಲ್ಲ, ನಾಳೆ ಕೊಡುವ ಕಾಗದದಲ್ಲೂ ಬರೆದಿಲ್ಲ. ಅಟ್ಟ ಕುಸಿದ ದಿನ ಬೆಳಿಗ್ಗೆ ನಾನೂ ಎಸ್ಟೇಟಿಗೆ ಹೋಗಿದ್ದೆ, ಸ್ಟೋರಿನ ಬಾಗಿಲಲ್ಲಿ ನಾನು, ಗಯಾಜ್ ಇಬ್ಬರೇ ಇದ್ದೆವು. ಗಯಾಜ್ ತಲೆಯೆತ್ತಿ ನೋಡಿ, "ಮಾಮು, ತೊಲೆ ನಡುವೆ ಬಗ್ಗಿರೋ ಹಂಗೈತೆ. ಲಾರಿ ಹೊರಗೇ ನಿಲ್ಸ್ಲಾ?" ಎಂದು ಕೇಳಿದ. ನನಗೂ ಕಂಡಿತ್ತು. ಹೌದು ಅಂದರೆ ಬೋರಯ್ಯನ ಮಾತು ನಿಜವಾಗುತ್ತಿತ್ತು. "ಮರ ಅಂದ್ಮೇಲೆ ಒಸಿ ಬಗ್ತದೆ, ಬಾ" ಅಂದೆ. "ನೀವು ಹೇಳಿದ್ ಮೇಲೆ ಮುಗೀತು ಮಾಮು" ಎಂದು ನಗುತ್ತಾ ಲಾರಿಯನ್ನು ಒಳಗೆ ತಂದ.