ಗೊತ್ತಿತ್ತು ಬಿಡಿ

ಮಾರ್ಚ್ 4
ನಾನು ಕಟ್ಟುತ್ತಿರುವ ಕಂಪ್ಯೂಟರ್ ಆಟದಲ್ಲಿ ಹನ್ನೊಂದನೇ ಮೆಟ್ಟಿಲನ್ನು ಇನ್ನೂ ಕೂದಲೆಳೆಯಷ್ಟು ಕಿರಿದು ಮಾಡಿದೆ. ಈಗ ಸರಿ. ಆಟದ ಡೊಳ್ಳುಹೊಟ್ಟೆ ಗುಮಾಸ್ತ ಹಾರುತ್ತಾನೆ, ಜಾರುತ್ತಾನೆ, ಮತ್ತೆ ಮೊದಲನೇ ಮೆಟ್ಟಿಲು. ಸೇವ್ ಇಲ್ಲ, ಕರುಣೆ ಇಲ್ಲ. ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ, ಗಿರಾಕಿಗಳಿಂದ ಉಗಿಸಿಕೊಂಡು ಬರುವವನಿಗೆ ಇಷ್ಟಾದರೂ ಸುಖ ಬೇಡವೇ?

ಬೀಳುವ ಸದ್ದು ಬೇಕಿತ್ತು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಹಳೇ ಪುಸ್ತಕದ ಮೂಟೆಯನ್ನು ನೆಲಕ್ಕೆ ಎತ್ತಿಹಾಕಿದೆ. ಒಳಗಿಂದ ಹೆಂಡತಿ: "ಬಿದ್ರಾ? ಗೊತ್ತಿತ್ತು ಬಿಡಿ." ಅದೂ ರೆಕಾರ್ಡ್ ಆಯಿತು. ಹತ್ತು ಸಲ ಕೇಳಿದೆ. ಆಹಾ! ಹದಿನಾಲ್ಕು ವರ್ಷದಿಂದ ನಾನೊಬ್ಬನೇ ಕೇಳುತ್ತಿದ್ದೇನೆ. ಇನ್ನು ಎಲ್ಲರೂ ಕೇಳಲಿ. ಆಟದಲ್ಲಿ ಬಿದ್ದಾಗಲೆಲ್ಲ.

ಮಾರ್ಚ್ 6
ಆನ್‌ಲೈನ್ ಗುಂಪಿನಲ್ಲಿ ಆಟವನ್ನು ‘ಜಾರುಮೆಟ್ಟಿಲು’ ಅಂತ ಹೆಸರಿಟ್ಟು ಹಾಕಿದೆ. ಮೊದಲ ಕಾಮೆಂಟ್: "ಇದನ್ನ ಮಾಡಿದೋನ ಕೈ ಸೇದಿಹೋಗ." ಜನ್ಮ ಸಾರ್ಥಕ.

ಮಾರ್ಚ್ 11
ಗುಂಪಿನ ಅಡ್ಮಿನ್ ಮೊಂಡಣ್ಣ ನಾನೂರು ಸಲ ಬಿದ್ದನಂತೆ. "ಆಟ ದರಿದ್ರ. ಆದ್ರೆ ಆ ಅಕ್ಕ ಬೈಯೋದು ಕೇಳೋಕೇ ಬೀಳ್ತಿದೀನಿ ಗುರೂ." ಯಾರಪ್ಪಾ ಆ ಅಕ್ಕ ಅಂತ ಎಲ್ಲರೂ ಕೇಳಿದರು. ಹೇಳಲಿಲ್ಲ. ಇವಳಿಗೂ ಹೇಳಿಲ್ಲ… ಹೇಳಿದರೆ ತೆಗೀರಿ ಅಂತಾಳೆ.

ಮಾರ್ಚ್ 19
ಇವಳು ಆಸ್ಪತ್ರೆಯ ಫೋನ್ ಡೆಸ್ಕಿನವಳು; ಆಂಬುಲೆನ್ಸ್ ಕೇಳುವವರ ಕರೆಯೂ ಇವಳಿಗೇ ಬರುವುದು. ಗುಂಪಿನವನೊಬ್ಬ ತನ್ನ ಅಮ್ಮನಿಗೆ ಅಪಾಯಿಂಟ್‌ಮೆಂಟ್ ಕೇಳಲು ಫೋನ್ ಮಾಡಿ, ದನಿ ಗುರುತು ಹಿಡಿದುಬಿಟ್ಟಿದ್ದಾನೆ. "ಅಕ್ಕ ಸಿಕ್ಕಿದ್ಲು!!" ಕೆಳಗೆ ಆಸ್ಪತ್ರೆಯ ನಂಬರ್. ಅಳಿಸು ಅಂತ ಬರೆಯಲು ಹೋದೆ. ಬರೆದರೆ, ನಿನಗೇನಾಗಬೇಕು ಅವಳು ಅಂತ ಕೇಳುತ್ತಾರೆ. ಸುಮ್ಮನಾದೆ. ಅಭ್ಯಾಸಬಲ — ಒಂದು ಲೈಕೂ ಒತ್ತಿದೆ.

ಮಾರ್ಚ್ 23, ಸಂಜೆ
ಇವಳು ಬಂದವಳೇ ಬ್ಯಾಗು ಬಿಸಾಕಿದಳು.
"ಮೂವತ್ತೆಂಟು ಫೋನು ರೀ ಇವತ್ತು! ‘ಅಕ್ಕಾ, ಬಿದ್ಬಿಟ್ಟೆ, ಒಂದ್ಸಲ ಹೇಳಕ್ಕಾ’ ಅಂತಾರೆ, ಕಿಸಕ್ಕಂತ ನಗ್ತಾರೆ. ಅದೇನೋ ಆಟವಂತೆ. ನಿಮಗೇನಾದ್ರೂ ಗೊತ್ತಾ?"
"ನಂಗೇನ್ ಗೊತ್ತು? ಪೋಲಿಗಳು. ಬಿದ್ದೆ ಗಿದ್ದೆ ಅಂದ ತಕ್ಷಣ ಫೋನ್ ಕುಕ್ಕಿಬಿಡು."
"ಹಾಗೇ ಮಾಡ್ತೀನಿ" ಅಂದಳು. ನನ್ನ ಮಾತು ಇವಳು ಕೇಳುವುದೇ ಅಪರೂಪ.

ಏಪ್ರಿಲ್ 2
ಕೇಳಿದಳು.

ಬೆಳಗ್ಗೆ ಒಬ್ಬ ಮುದುಕಿಯ ಫೋನು. "ಬಿದ್ಬಿಟ್ರಮ್ಮಾ—" ಅಷ್ಟೇ. ಇವಳು ಕುಕ್ಕಿದಳು. ಮುದುಕಿ ಮತ್ತೆ ಮಾಡಿದಳು. ಇವಳು ಮತ್ತೆ ಕುಕ್ಕಿದಳು. ಮೂರನೇ ಸಲ ಬರಲಿಲ್ಲ. ಗಂಡ ಬಚ್ಚಲಲ್ಲಿ ಬಿದ್ದಿದ್ದನಂತೆ. ಪಕ್ಕದ ಮನೆಯವರು ಕಾರಿನಲ್ಲಿ ಹಾಕಿಕೊಂಡು ಬರುವಷ್ಟರಲ್ಲಿ ಉಸಿರಿರಲಿಲ್ಲ.

ಇವಳು ಊಟಕ್ಕೂ ಏಳಲಿಲ್ಲ. ಗೋಡೆ ಕಡೆ ತಿರುಗಿ, "ನಾನೇ ಕೊಂದೆ ರೀ" ಅಂದಳು. ಅಲ್ಲ ಕಣೇ ಅನ್ನಲು ಬಾಯಿ ತೆರೆದೆ. "ನೀರು ಕುಡಿ" ಅಂದೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 3
ಆಟ ತೆಗೆದುಹಾಕಿದೆ. ಒಂದು ಗಂಟೆಯೊಳಗೆ ಮೊಂಡಣ್ಣ ತನ್ನ ಹತ್ತಿರವಿದ್ದ ಕಾಪಿ ಹಾಕಿದ. "ಹೆದರ್ಕೋಬೇಡಿ, ಅಕ್ಕ ಎಲ್ಲೂ ಹೋಗಲ್ಲ."

ಏಪ್ರಿಲ್ 5, ಬೆಳಗ್ಗೆ 8.40
ಹತ್ತಕ್ಕೆ ಆಸ್ಪತ್ರೆಯಲ್ಲಿ ವಿಚಾರಣೆ. ಇವಳು ಲಿಖಿತ ಹೇಳಿಕೆ ಕೊಡಬೇಕು. "ನಡೆದದ್ದನ್ನ ನೀವೇ ಬರ್ಕೊಡಿ, ನಂಗೆ ಒಂದು ಸಾಲೂ ಬರೆಯೋಕಾಗ್ತಿಲ್ಲ" ಅಂದಳು. ಬರೆದೆ. ಕೆಲಸದ ಒತ್ತಡದಲ್ಲಿ ಕರೆಯನ್ನು ತಮಾಷೆಯೆಂದು ತಿಳಿದೆ, ತಪ್ಪು ಪೂರ್ತಿ ನನ್ನದೇ. ‘ನನ್ನದೇ’ ಅಂತ ಬರೆಯುವಾಗ ಒಂದು ಗಳಿಗೆ ಎದೆ ಹಗುರಾಯಿತು. ಆದರೆ ಆ ಕಾಗದದಲ್ಲಿ ನಾನು ಅಂದರೆ ಅವಳು.

"ಸರಿಯಾಗಿ ಬರ್ದಿದೀರಲ್ವಾ?"
"ಹ್ಞೂಂ."
ಓದದೆ ಸಹಿ ಹಾಕಿದಳು. "ನೀವಿಲ್ದಿದ್ರೆ ನಾನೇನ್ ಮಾಡ್ತಿದ್ನೋ" ಅಂದಳು.

ಕಾಗದ ಇನ್ನೂ ನನ್ನ ಮುಂದೆಯೇ ಇದೆ. ಖಾಲಿ ಹಾಳೆಯೂ ಇದೆ. ಬೇರೆ ಬರೆಯಲು ಹತ್ತು ನಿಮಿಷ ಸಾಕು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಳೆ. "ಆಯ್ತಾ ರೀ?" ಅಂತಿದ್ದಾಳೆ. ಆಯ್ತು ಅಂದೆ. ಲಕೋಟೆಯೊಳಗೆ ಅವಳು ಸಹಿ ಹಾಕಿದ ಕಾಗದವನ್ನೇ ಇಟ್ಟೆ.