ರಿಮ್ಮಿಗೆ ಹಚ್ಚಿದ ಎಣ್ಣೆ

20-2-58, ಸಂಜೆ

ಮತ್ತೆ ಪಂಕ್ಚರ್. ಮೂರನೆಯದು. ತೇಪೆ ನಾನೇ ಹಾಕಿದೆ. ಬೆಳಿಗ್ಗೆ ನಾಪೋಕ್ಲು ಬಿಟ್ಟವರು ವಿರಾಜಪೇಟೆ ಮುಟ್ಟುವ ಮೊದಲೇ ಒಣಗಿದ ತೋಡಿನ ಮರಳಲ್ಲಿ ಟಾರ್ಪಾಲು ಕಟ್ಟಿದ್ದೇವೆ. ನೀರಿಲ್ಲ, ಬರೀ ಬಂಡೆ.

ನಾಲ್ಕು ಸೈಕಲ್. ಪದ್ಮಯ್ಯಣ್ಣ — ಮಿಲಿಟರಿಯಿಂದ ರಜೆಯಲ್ಲಿ ಬಂದವರು, ಕೋವಿ ಅವರದು. ದೇರಪ್ಪ ಅಡುಗೆಗೆ. ಪೂವಯ್ಯ ಬಾಯಿಬಡಾಯಿಗೆ. ನಾನು... ಇದ್ದೇನೆ. ನಾಡಿದ್ದು ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಯಲ್ಲಿ ಸಮುದ್ರ ನೋಡುವುದು.

"ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ದಿನಾ ಎಂತ ಬರೀತಾನೆ ಮಾರಾಯ?" — ಪೂವಯ್ಯ. ಪುಸ್ತಕ ಮುಚ್ಚಿದೆ.

21-2-58, ಮಧ್ಯಾಹ್ನ ಮೂರು. ಪೆರುಂಬಾಡಿ

ಘಾಟಿ ಶುರುವಾಗುವುದು ಇಲ್ಲಿಂದ. ಇಳಿಯುವುದು ನಾಳೆ.

ಅವರು ಕೆರೆಗೆ ಸ್ನಾನಕ್ಕೆ ಹೋದಾಗ ಕೋವಿಗೆ ಎಣ್ಣೆ ಹಾಕಿ ಒರೆಸಿದೆ. ಮನೆಯಲ್ಲೂ ಅದು ನನ್ನದೇ ಕೆಲಸ. ಎಣ್ಣೆ ಉಳಿಯಿತು. ಸೈಕಲ್‌ಗಳಿಗೆ ಮೈಯೆಲ್ಲ ಕೆಂಪು ಧೂಳು. ನಾಲ್ಕನ್ನೂ ತಲೆಕೆಳಗು ನಿಲ್ಲಿಸಿ ಚೈನು, ಕಡ್ಡಿ, ರಿಮ್ಮು — ಒಂದನ್ನೂ ಬಿಡದೆ ಎಣ್ಣೆ ಹಚ್ಚಿದೆ, ಕೋವಿಗೆ ಒರೆಸಿದ ಹಾಗೆಯೇ.

"ಅಬ್ಬಾ! ಮದುಮಗನ ಹಾಗೆ ಹೊಳೀತದಲ್ಲ! ನಿನಗೂ ಒಂದು ವಿದ್ಯೆ ಬರ್ತದೆ ಹಾಗಾದರೆ," ಅಂದ ಪೂವಯ್ಯ. ಪದ್ಮಯ್ಯಣ್ಣ ಬೆನ್ನು ತಟ್ಟಿದರು. ನಾನು ಸೌದೆಗೆ ಹೋದೆ.

ಸಂಜೆ ಆರು

ಬೆಂಕಿಪೆಟ್ಟಿಗೆ ತರಲು ಕೆಳಗಿನ ಅಂಗಡಿಗೆ ಹೊರಟೆ. ಸಣ್ಣ ಇಳಿಜಾರು. ಬ್ರೇಕ್ ಒತ್ತಿದೆ. ಹಿಡಿಯಲಿಲ್ಲ. ಎರಡೂ. ಪೊದೆಗೆ ನುಗ್ಗಿಸಿ ನಿಲ್ಲಿಸಿದೆ. ಕೈ ತರಚಿತು. ಕೂತು ನೋಡಿದೆ — ಬ್ರೇಕಿನ ರಬ್ಬರು ಹಿಡಿಯುವುದೇ ರಿಮ್ಮನ್ನು. ಅದರ ಮೇಲೆ ನನ್ನ ಎಣ್ಣೆ.

ನಾಲ್ಕಕ್ಕೂ.

ಹೇಳಬೇಕೆಂದೇ ಓಡಿ ಬಂದೆ. ಪೂವಯ್ಯ ಅನ್ನದ ತಟ್ಟೆ ಹಿಡಿದು, "ನಾಳೆ ಮಾಕುಟ್ಟ ಮೊದಲು ಮುಟ್ಟುವುದು ನಾನು. ಪೆಡಲ್ ಒಂದು ಸಲವೂ ತುಳಿಯದೆ, ನೋಡಿ," ಅನ್ನುತ್ತಿದ್ದ.

"ಕೈಗೆ ಎಂತ ಆಯ್ತು?" ಪದ್ಮಯ್ಯಣ್ಣ ಕೇಳಿದರು.

ಮುಳ್ಳು, ಅಂದೆ.

ಬೆಳಿಗ್ಗೆ ಅವರು ಏಳುವ ಮೊದಲು ಬೂದಿ ಹಾಕಿ ತಿಕ್ಕಿ ತೊಳೆದುಬಿಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

22-2-58, ಬೆಳಿಗ್ಗೆ

ಬೂದಿ ತುಂಬಿಕೊಂಡು ಹೋದೆ. ಮೂರೇ ಸೈಕಲ್.

ಪೂವಯ್ಯ ಇಲ್ಲ. ಕಂಬಳಿ ತಣ್ಣಗಿದೆ.

ಪದ್ಮಯ್ಯಣ್ಣನನ್ನು ಎಬ್ಬಿಸಿ ಎಲ್ಲ ಹೇಳಿದೆ. ಬೈಯಲಿಲ್ಲ. ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿದರು. ಕತ್ತಿ ತೆಗೆದು ದೊಡ್ಡ ಕೊಂಬೆ ಕಡಿದು ತಮ್ಮ ಸೈಕಲಿನ ಹಿಂದೆ ಕಟ್ಟಿದರು, ನೆಲದಲ್ಲಿ ಎಳೆದು ವೇಗ ತಡೆಯಲಿಕ್ಕೆ. "ನೀವಿಬ್ಬರು ನಡ್ಕೊಂಡು ಬನ್ನಿ," ಅಂದು ಇಳಿದರು. ಕೊಂಬೆಯ ಸದ್ದು ಇನ್ನೂ ಕೇಳುತ್ತಿದೆ. ದೇರಪ್ಪ ಟಾರ್ಪಾಲು ಬಿಚ್ಚುತ್ತಿದ್ದಾನೆ. ಬರೆಯುವ ಹೊತ್ತಲ್ಲ ಇದು. ನಾವೂ ಹೊರಟೆವು.

ಮಧ್ಯಾಹ್ನ. ಆಸ್ಪತ್ರೆ ಜಗಲಿ

ಪೂವಯ್ಯ ನಾಲ್ಕನೇ ತಿರುವಿನಲ್ಲಿದ್ದ. ಕಮರಿಗೆ ಹೋಗುವ ಬದಲು ಬಂಡೆಗೆ ಗುದ್ದಿಸಿದ್ದಾನೆ. ಮೊಣಕಾಲಿನ ಕೆಳಗೆ ಮೂಳೆ ಎರಡು ತುಂಡು. ಬಿದಿರಿನ ಲಾರಿಯಲ್ಲಿ ವಿರಾಜಪೇಟೆಗೆ ತಂದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲೆ.

"ಸ್ಪೀಡ್ ಜಾಸ್ತಿ ಆಯ್ತು. ನನ್ನದೇ ಕೊಬ್ಬು," ಅಂದ.

ಪದ್ಮಯ್ಯಣ್ಣ ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ.

9-3-58, ಭಾನುವಾರ

ಪದ್ಮಯ್ಯಣ್ಣ ನಿನ್ನೆ ಮಿಲಿಟರಿಗೆ ವಾಪಸು ಹೋದರು. ಬಸ್ ಹತ್ತುವಾಗ ಒಂದೇ ಮಾತು: "ನಾನು ಹೇಳುವುದಿಲ್ಲ. ಅದು ನಿನ್ನ ಕೆಲಸ."

ಇವತ್ತು ಪೂವಯ್ಯನ ಮನೆಗೆ ಹೋದೆ. ಅವನ ಅವ್ವ ಪೊನ್ನಮ್ಮ ಕಾಫಿ ಕೊಟ್ಟು, "ನೀವೆಲ್ಲ ಇದ್ದದ್ದಕ್ಕೆ ಇವನು ಉಳಿದ, ಮಗ," ಅಂದರು. ಲೋಟ ಕೆಳಗಿಟ್ಟೆ. ಅವರು ಒಳಗೆ ಹೋದ ಮೇಲೆ ಹೇಳಿದೆ. ರಿಮ್ಮಿಗೆ ಎಣ್ಣೆ. ನಾನೇ.

ಪೂವಯ್ಯ ಪ್ಲಾಸ್ಟರ್ ಕಾಲು ಅಲುಗುವಷ್ಟು ನಕ್ಕ. "ಥೂ ಬೋದಾಳ! ನೋಡಿ ಹೊಗಳಿದವನು ನಾನಲ್ಲವಾ! ಗೊತ್ತಿಲ್ಲದೆ ಮಾಡಿದ್ದಕ್ಕೆ ಎಂತ ಮಾಡುವುದು, ಬಿಡು."

ನಾನೂ ನಕ್ಕೆ. ಎರಡು ವಾರದಲ್ಲಿ ಮೊದಲ ಸಲ. ಆಗಲೇ ಎದ್ದು ಬರಬಹುದಿತ್ತು.

"ಅಲ್ಲ, ನಿನಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿದ. ಇನ್ನೂ ನಗುತ್ತಲೇ ಇದ್ದ.

ನೀನು ಬೀಳುವ ಹಿಂದಿನ ದಿನ ಸಂಜೆ, ಅಂದೆ.

ಪೂವಯ್ಯನ ಮುಖದಿಂದ ನಗು ಹೋಯಿತು; ಗೋಡೆಯ ಕಡೆ ತಿರುಗಿದ.